ಮ್ಯುಂಟರ್ ಬರೆದ ಬೆಟ್ಟವನ್ನು ನೋಡುವುದು ಹೇಗೆ: ಮುರ್ನೌ ಭೂದೃಶ್ಯಗಳಿಗೊಂದು ಕೈಪಿಡಿ

ಗಾಬ್ರಿಯೆಲೆ ಮ್ಯುಂಟರ್ ದಕ್ಷಿಣ ಜರ್ಮನಿಯ ಮುರ್ನೌ ಎಂಬ ಊರಿನ ಬೆಟ್ಟ, ಬೀದಿಗಳನ್ನು ಬರೆದ ಚಿತ್ರಕಾರ್ತಿ. ಅವರ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಮೊದಲ ಸಾಲುಗಳಲ್ಲೇ ರಷ್ಯನ್ ಚಿತ್ರಕಾರ ವಾಸಿಲಿ ಕಾಂಡಿನ್ಸ್ಕಿ ಬಂದುಬಿಡುತ್ತಾರೆ. ಅವರ ಶಿಷ್ಯೆ, ಅವರ ಸಂಗಾತಿ, ಅವರು ಬಿಟ್ಟುಹೋದ ಹೆಂಗಸು. ಕಥೆ ಹೀಗೆ ಶುರುವಾದರೆ ಚಿತ್ರ ಕಣ್ಣಿಗೆ ಬೀಳುವ ಹೊತ್ತಿಗೆ ಮನಸ್ಸಿನ ತುಂಬ ಅನುಕಂಪ ತುಂಬಿಕೊಂಡಿರುತ್ತದೆ, ನೋಟಕ್ಕೆ ಜಾಗವೇ ಉಳಿದಿರುವುದಿಲ್ಲ. ಇಲ್ಲಿ ಆ ಕ್ರಮವನ್ನು ತಿರುಗಿಸೋಣ. ಮೊದಲು ಚಿತ್ರ ನೋಡೋಣ, ಬದುಕಿನ ಕಥೆ ಆಮೇಲೆ ಬರಲಿ. ಜರ್ಮನಿಯ ಆಧುನಿಕ ಕಲೆಯಲ್ಲಿ ಬೆಟ್ಟ, ಹೊಲ, ಬೀದಿಗಳನ್ನು ಇಷ್ಟು ಖಚಿತವಾಗಿ, ಇಷ್ಟು ಕಡಿಮೆಯಲ್ಲಿ ಹೇಳಿದವರು ವಿರಳ. ಯಾವುದನ್ನು ಬಿಡಬೇಕು ಎಂಬುದು ಮ್ಯುಂಟರ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಹಂತಗಳೆಲ್ಲ ಆ ಬಿಟ್ಟದ್ದನ್ನು ಕಾಣುವುದಕ್ಕೆ.

ಚಿತ್ರಕಲೆಯ ಪಾಠ ಕಲಿತಿರಬೇಕಿಲ್ಲ. ಒಂದು ಫೋನ್ ಅಥವಾ ಲ್ಯಾಪ್‌ಟಾಪ್, ಒಂದು ಎ3 ಹಾಳೆ, ಒಂದು ಪೆನ್ಸಿಲ್ ಮತ್ತು ಅರ್ಧ ಗಂಟೆ ಸಮಯ ಇದ್ದರೆ ಶುರುಮಾಡಬಹುದು.

ಚಿತ್ರ ಆರಿಸಿ, ಒಳ್ಳೆಯ ಪ್ರತಿ ಹುಡುಕಿ

ನಾನು ಇಲ್ಲಿ ಮುಖ್ಯವಾಗಿ ಇಟ್ಟುಕೊಂಡಿರುವುದು 1909ರ ‘ಯಾವ್ಲೆನ್ಸ್ಕಿ ಮತ್ತು ವೆರೆಫ್ಕಿನ್’ ಎಂಬ ಚಿತ್ರವನ್ನು. ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಸಂಗ್ರಹಾಲಯದಲ್ಲಿದೆ. ಹೆಸರು ಕೇಳಿದರೆ ಭಾವಚಿತ್ರ ಇರಬೇಕು ಅನ್ನಿಸುತ್ತದೆ. ನೋಡಿದರೆ ಹಸಿರು ಇಳಿಜಾರು, ಹಿಂದೆ ನೀಲಿ ಬೆಟ್ಟ, ಹುಲ್ಲಿನ ಮೇಲೆ ಆರಾಮಾಗಿ ಮೈಚಾಚಿದ ಇಬ್ಬರು. ಇಬ್ಬರೂ ಚಿತ್ರಕಾರರು, ಮ್ಯುಂಟರ್ ಅವರ ಗೆಳೆಯರು: ಅಲೆಕ್ಸೇ ಯಾವ್ಲೆನ್ಸ್ಕಿ ಮತ್ತು ಮರಿಯಾನ್ನೆ ಫಾನ್ ವೆರೆಫ್ಕಿನ್. ನನ್ನ ಮಟ್ಟಿಗೆ ಇದು ಅಪ್ಪಟ ಭೂದೃಶ್ಯ. ಮನುಷ್ಯರಿಗೆ ಕೊಟ್ಟಷ್ಟೇ ಮರ್ಯಾದೆಯನ್ನು ಬೆಟ್ಟಕ್ಕೂ ಹುಲ್ಲಿಗೂ ಕೊಟ್ಟಿದ್ದಾರೆ.

ಇದರ ಜೊತೆಗೆ ಇನ್ನು ಮೂರು ಚಿತ್ರಗಳನ್ನು ತೆರೆದಿಟ್ಟುಕೊಳ್ಳಿ. 1910ರ ‘ದೋಣಿಯಾನ’ ಅಮೆರಿಕದ ಮಿಲ್ವಾಕಿ ಕಲಾ ಸಂಗ್ರಹಾಲಯದಲ್ಲಿದೆ. 1911ರ ‘ಚಳಿಗಾಲದ ಹಳ್ಳಿ ಬೀದಿ’, 1931ರ ‘ರಷ್ಯನ್ನರ ಮನೆ’ ಎರಡೂ ಲೆನ್‌ಬಾಖ್‌ಹೌಸ್‌ನಲ್ಲೇ ಇವೆ.

ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಯಾವ್ಲೆನ್ಸ್ಕಿ ‘ಜೆ’ಯಿಂದಲೂ ವೆರೆಫ್ಕಿನ್ ‘ಡಬ್ಲ್ಯು’ವಿನಿಂದಲೂ ಶುರುವಾಗುತ್ತದೆ ಎಂಬುದು ನೆನಪಿರಲಿ. ಮ್ಯುಂಟರ್ ಹೆಸರಿನ ‘ಯು’ ಮೇಲೆ ಎರಡು ಚುಕ್ಕಿ ಇವೆ. ಕೀಬೋರ್ಡಿನಲ್ಲಿ ಸಿಗದಿದ್ದರೆ ಬರೀ ‘ಯು’ ಹಾಕಿದರೂ ಸಾಕು. ಪೋಸ್ಟರ್ ಮಾರುವ ತಾಣಗಳ ಚಿತ್ರ ಬೇಡ. ಅಲ್ಲಿ ಹಳದಿ, ಕೆಂಪುಗಳನ್ನು ಗಾಢ ಮಾಡಿ ಹಾಕಿರುತ್ತಾರೆ. ಮ್ಯುಂಟರ್ ವಿಷಯದಲ್ಲಿ ಅದು ದೊಡ್ಡ ಅನ್ಯಾಯ. ಚಿತ್ರ ಇರುವ ಸಂಗ್ರಹಾಲಯದ ತಾಣಕ್ಕೇ ಹೋಗಿ. ಫೋನಿನಲ್ಲಿ ರಾತ್ರಿ ಹೊತ್ತು ಪರದೆಯನ್ನು ಹಳದಿಗೆ ತಿರುಗಿಸುವ ಸೆಟ್ಟಿಂಗ್ ಆನ್ ಆಗಿದ್ದರೆ ಆಫ್ ಮಾಡಿ. ಆನ್ ಇದ್ದರೆ ಈ ಚಿತ್ರಗಳ ನೀಲಿ ಪೂರ್ತಿ ಸತ್ತುಹೋಗುತ್ತದೆ, ನೀಲಿ ಇಲ್ಲದೆ ಮುರ್ನೌ ಇಲ್ಲ.

ಗೋಡೆ ಮೇಲೆ ಅಳತೆ ಹಾಕಿ

ಈ ಹಂತವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ‘ಯಾವ್ಲೆನ್ಸ್ಕಿ ಮತ್ತು ವೆರೆಫ್ಕಿನ್’ ಚಿತ್ರದ ಅಳತೆ 32.7 × 44.5 ಸೆಂಟಿಮೀಟರ್. ಎ3 ಹಾಳೆಗಿಂತ ಕೊಂಚ ದೊಡ್ಡದು, ಅಷ್ಟೇ. ಎ3 ಹಾಳೆಯೊಂದನ್ನು ಅಡ್ಡಲಾಗಿ ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಇಷ್ಟು ಸಣ್ಣ ಜಾಗದಲ್ಲಿ ಒಂದು ಇಳಿಜಾರು, ಬೆಟ್ಟದ ಸಾಲು, ಆಕಾಶ ಮತ್ತು ಇಬ್ಬರು ಮನುಷ್ಯರು. ಬರೆದಿರುವುದು ಕ್ಯಾನ್ವಾಸಿನ ಮೇಲಲ್ಲ, ರಟ್ಟಿನ ಮೇಲೆ, ಎಣ್ಣೆ ಬಣ್ಣದಲ್ಲಿ. ಕಂಕುಳಲ್ಲಿ ಇರುಕಿಕೊಂಡು ಹೊಲಕ್ಕೆ ಹೋಗಬಹುದಾದ ಅಳತೆ.

ಅಳತೆಯಿಂದ ಕೆಲಸದ ರೀತಿಯೂ ತಿಳಿಯುತ್ತದೆ. 1908ರ ಬೇಸಿಗೆಯಲ್ಲಿ ಮುರ್ನೌಗೆ ಬಂದಾಗ ಮ್ಯುಂಟರ್ ಬಯಲಲ್ಲೇ ನಿಂತು ಬರೆಯುತ್ತಿದ್ದರು. ಕೆಲವು ದಿನ ಐದು ಚಿತ್ರಗಳ ತನಕ ಮುಗಿಸಿದ್ದುಂಟು, ಕೆಲವು ದಿನ ಒಂದನ್ನೂ ಬರೆಯದೆ ಇದ್ದದ್ದುಂಟು. ಆ ವೇಗದಲ್ಲಿ ಬರೆಯುವಾಗ ಪ್ರತಿ ಎಲೆ, ಪ್ರತಿ ಬೇಲಿಗೂಟಕ್ಕೆ ಸಮಯ ಎಲ್ಲಿಂದ ಬರಬೇಕು? ಯಾವುದು ಮುಖ್ಯ ಎಂದು ಕುಂಚ ಎತ್ತುವ ಮುಂಚೆಯೇ ತೀರ್ಮಾನವಾಗಿರಬೇಕು.

‘ದೋಣಿಯಾನ’ ಹಾಗಲ್ಲ. ಅದು ಸುಮಾರು 125 × 73 ಸೆಂಟಿಮೀಟರ್, ಕ್ಯಾನ್ವಾಸಿನ ಮೇಲೆ, ಉದ್ದುದ್ದಕ್ಕೆ ನಿಂತ ಚಿತ್ರ. ಗೋಡೆಯ ಮೇಲೆ ಪೆನ್ಸಿಲಿನಿಂದ ನಾಲ್ಕು ಮೂಲೆ ಗುರುತು ಮಾಡಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಇದು ಯೋಚಿಸಿ, ಜೋಡಿಸಿ, ಪ್ರದರ್ಶನದ ಗೋಡೆಗೆಂದೇ ಬರೆದದ್ದು.

ಮೊದಲು ಗೆರೆ

ಈಗ ಚಿತ್ರವನ್ನು ಪರದೆಯ ತುಂಬ ದೊಡ್ಡದು ಮಾಡಿ. ಬಣ್ಣದ ಬಗ್ಗೆ ಸದ್ಯಕ್ಕೆ ಯೋಚಿಸಬೇಡಿ. ಕಪ್ಪು, ಕಡುನೀಲಿ ಗೆರೆಗಳನ್ನು ಮಾತ್ರ ಬೆರಳಿನಿಂದ ಹಿಂಬಾಲಿಸಿ. ಬೆಟ್ಟದ ತುದಿಯಿಂದ ಶುರುಮಾಡಿ, ಇಳಿಜಾರಿಗೆ ಬನ್ನಿ, ಅಲ್ಲಿಂದ ಹೆಂಗಸಿನ ಹ್ಯಾಟಿಗೆ, ಭುಜಕ್ಕೆ, ತೋಳಿಗೆ. ಬೆಟ್ಟಕ್ಕೂ ಮೈಗೂ ಒಂದೇ ಜಾತಿಯ ಗೆರೆ. ಮಲಗಿರುವ ಮನುಷ್ಯರ ಬಾಗು ಬೆಟ್ಟದ ಬಾಗಿನ ಜೊತೆ ಮಾತಾಡುತ್ತದೆ.

ಆಮೇಲೆ ಮುಖಗಳ ಹತ್ತಿರ ಹೋಗಿ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಬರೀ ಅಂಡಾಕಾರದ ಮೈಬಣ್ಣ. ಆದರೂ ಇದು ಯಾರು ಎಂದು ಗೆಳೆಯರ ಬಳಗಕ್ಕೆ ತಕ್ಷಣ ಗೊತ್ತಾಗುತ್ತಿತ್ತು, ಏಕೆಂದರೆ ಒರಗಿರುವ ಭಂಗಿ ಮತ್ತು ಆ ದೊಡ್ಡ ಹ್ಯಾಟು ಸಾಕಷ್ಟನ್ನು ಹೇಳುತ್ತವೆ. ವೆರೆಫ್ಕಿನ್ ಅವರ ಭಾವಚಿತ್ರವನ್ನು ಅದೇ 1909ರಲ್ಲಿ ಮ್ಯುಂಟರ್ ಬೇರೆಯಾಗಿ ಬರೆದಿದ್ದಾರೆ. ಅಲ್ಲಿ ಕಣ್ಣು, ತುಟಿ ಎಲ್ಲ ಇವೆ, ನೋಡುಗರನ್ನು ದಿಟ್ಟಿಸುವ ಜೀವಂತ ಮುಖವಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮುಖ ಬರೆಯುವುದು ಚೆನ್ನಾಗಿ ಬರುತ್ತಿದ್ದ ಕೈ ಹುಲ್ಲಿನ ಮೇಲಿನ ಮುಖಗಳನ್ನು ಬೇಕೆಂದೇ ಖಾಲಿ ಬಿಟ್ಟಿದೆ. ಬೆಟ್ಟಕ್ಕೆ ಮುಖವಿಲ್ಲದ ಮೇಲೆ ಅದರ ಮುಂದೆ ಮಲಗಿದವರಿಗೇಕೆ?

ಈ ದಪ್ಪ ಗೆರೆ ಎಲ್ಲಿಂದ ಬಂತು ಎಂದು ಕೇಳಿದರೆ ಮೂರು ಕಡೆ ಕೈತೋರಿಸಬೇಕಾಗುತ್ತದೆ.

ಮೊದಲನೆಯದು ಪ್ಯಾರಿಸ್. 1906–07ರಲ್ಲಿ ಮ್ಯುಂಟರ್ ಅಲ್ಲಿದ್ದಾಗ ಮರದಚ್ಚು, ಲಿನೋಅಚ್ಚುಗಳನ್ನು ಕೊರೆದು ಬಣ್ಣದ ಮುದ್ರಣಗಳನ್ನು ಮಾಡಿದರು. ಅಚ್ಚಿನಲ್ಲಿ ಬಣ್ಣವನ್ನು ಮೆಲ್ಲಗೆ ಒಂದರೊಳಗೊಂದು ಕರಗಿಸಲಾಗುವುದಿಲ್ಲ. ಕೊರೆದ ಜಾಗ, ಕೊರೆಯದ ಜಾಗ, ಅಷ್ಟೇ. ಮುರ್ನೌದಲ್ಲಿ ಅವರ ಶೈಲಿ ಬದಲಾದದ್ದು ಒಂದೇ ಏಟಿಗೆ ಆದ ಪವಾಡ ಎಂದು ಹೇಳುವವರು ಈ ಮುದ್ರಣಗಳನ್ನು ಮರೆಯುತ್ತಾರೆ. ಎಣ್ಣೆಬಣ್ಣವನ್ನು ಚಾಕುವಿನಲ್ಲಿ ಮೆತ್ತುತ್ತಿದ್ದ ಕಾಲದಲ್ಲೇ ಅವರ ಇನ್ನೊಂದು ಕೈ ಸಪಾಟು ಆಕಾರಗಳ ಅಭ್ಯಾಸ ಮಾಡುತ್ತಿತ್ತು.

ಎರಡನೆಯದು ಯಾವ್ಲೆನ್ಸ್ಕಿ. ಫ್ರಾನ್ಸಿನ ಗೊಗ್ಯಾನ್, ಮತೀಸ್ ಕೆಲಸವನ್ನು ಹತ್ತಿರದಿಂದ ಅರಿತಿದ್ದ ಅವರು 1908ರ ಬೇಸಿಗೆಯಲ್ಲಿ ಮ್ಯುಂಟರ್ ಜೊತೆಗೇ ಮುರ್ನೌದಲ್ಲಿ ಚಿತ್ರ ಬರೆಯುತ್ತಿದ್ದರು. ಆಕಾರವನ್ನು ಗಟ್ಟಿ ಗೆರೆಯಲ್ಲಿ ಕಟ್ಟಿ ಒಳಗೆ ಸಪಾಟು ಬಣ್ಣ ತುಂಬುವ ದಾರಿಯನ್ನು ಗೆಳತಿಯ ಜೊತೆ ಹಂಚಿಕೊಂಡರು. ಈ ಋಣವನ್ನು ಮ್ಯುಂಟರ್ ಮುಚ್ಚಿಡಲಿಲ್ಲ.

ಮೂರನೆಯದೇ ನನಗೆ ಬಹಳ ಇಷ್ಟದ್ದು: ಗಾಜಿನ ಹಿಂಬದಿಯ ಚಿತ್ರ. ಮುರ್ನೌ ಸುತ್ತಮುತ್ತ ಸಂತರ, ಮೇರಿಯ ಚಿತ್ರಗಳನ್ನು ಗಾಜಿನ ಹಿಂಬದಿಗೆ ಬರೆಯುವ ಜನಪದ ಕಸುಬು ಇತ್ತು. ಊರಿನ ಬಿಯರ್ ಭಟ್ಟಿಯ ಯಜಮಾನ ಯೋಹಾನ್ ಕ್ರ್ಯೋಟ್ಸ್ ಅವರ ಬಳಿ ಅಂಥ ಚಿತ್ರಗಳ ದೊಡ್ಡ ಸಂಗ್ರಹವಿತ್ತು. ಅದನ್ನು ನೋಡಿದ ಮೇಲೆ ಮ್ಯುಂಟರ್ ಹೈನ್ರಿಶ್ ರಾಂಬೋಲ್ಡ್ ಎಂಬ ಕುಶಲಕರ್ಮಿಯ ಹತ್ತಿರ ಕೂತು ಆ ಕಸುಬನ್ನೇ ಕಲಿತರು. ಈ ಕೆಲಸದಲ್ಲಿ ಎಲ್ಲ ತಲೆಕೆಳಗು. ಮುಂದೆ ಕಾಣಬೇಕಾದ ಗೆರೆಯನ್ನು ಮೊದಲು ಎಳೆಯಬೇಕು, ಅದರ ಮೇಲೆ ಬಣ್ಣ ತುಂಬಬೇಕು, ಹಿನ್ನೆಲೆ ಕೊನೆಗೆ. ಮುಗಿಸಿ ಗಾಜು ತಿರುಗಿಸಿದರೆ ಮೊದಲು ಎಳೆದ ಗೆರೆಯೇ ಎಲ್ಲಕ್ಕಿಂತ ಮುಂದೆ ಇರುತ್ತದೆ. ಬಣ್ಣ ತುಂಬಿಯಾದ ಮೇಲೆ ಗೆರೆ ತಿದ್ದುವ ಮಾತಿಲ್ಲ. ತಂಜಾವೂರು, ಮೈಸೂರು ಕಡೆಯ ಹಳೆಯ ಗಾಜಿನ ದೇವರ ಪಟಗಳೂ ಇದೇ ತಂತ್ರದವು. ಅವುಗಳ ಹಿಂಬದಿಯನ್ನು ನೋಡಿದವರಿಗೆ ಈ ಕ್ರಮ ಬೇಗ ಅರ್ಥವಾಗುತ್ತದೆ. ಗಾಜಿನ ಮೇಲೆ ಕಲಿತ ಈ ಶಿಸ್ತನ್ನು ಮ್ಯುಂಟರ್ ರಟ್ಟಿನ ಮೇಲಿನ ಬೆಟ್ಟಕ್ಕೂ ತಂದರು. ಅವರ ಬಳಗದ ಉಳಿದವರೂ ಅವರನ್ನು ನೋಡಿಯೇ ಇದರತ್ತ ತಿರುಗಿದರು. 1912ರಲ್ಲಿ ಈ ಬಳಗದ ಕಲಾವಿದರು ಹೊರತಂದ ‘ನೀಲಿ ಸವಾರ’ (ಜರ್ಮನ್ ಭಾಷೆಯಲ್ಲಿ ಬ್ಲೌಅ ರೈಟರ್) ಸಂಕಲನದಲ್ಲಿ ಬವೇರಿಯಾದ ಈ ಗಾಜಿನ ಚಿತ್ರಗಳೂ ಅಚ್ಚಾಗಿವೆ.

ಬಣ್ಣಕ್ಕೆ ಬನ್ನಿ

ಚಿತ್ರದ ಸ್ಕ್ರೀನ್‌ಶಾಟ್ ತೆಗೆದು, ಫೋನಿನ ಎಡಿಟ್‌ನಲ್ಲಿ ಕಪ್ಪು-ಬಿಳುಪು ಮಾಡಿ. ಬಣ್ಣ ಹೋದ ಮೇಲೆ ಯಾವ ಆಕಾರಗಳು ಒಂದಕ್ಕೊಂದು ಅಂಟಿಕೊಂಡವು, ಯಾವುವು ಬೇರೆಯಾಗಿ ನಿಂತವು ಎಂದು ನೋಡಿ. ಅಂಟಿಕೊಂಡ ಕಡೆ ಮೊದಲು ಅವನ್ನು ಬಿಡಿಸಿಟ್ಟಿದ್ದು ಬಣ್ಣದ ಜಾತಿ ಮಾತ್ರ, ಬೆಳಕು-ನೆರಳಲ್ಲ. ಹಳೆಯ ಭೂದೃಶ್ಯಗಳಲ್ಲಿ ಈ ಕೆಲಸ ನೆರಳಿನದು. ಇಲ್ಲಿ ಸೂರ್ಯ ಯಾವ ಕಡೆ ಇದ್ದಾನೆ ಎಂದು ಹೇಳುವುದೇ ಕಷ್ಟ, ಹೇಳಬೇಕಾದ ಅಗತ್ಯವೂ ಬೀಳುವುದಿಲ್ಲ.

ಇನ್ನು ಆ ನೀಲಿ. ಬೆಟ್ಟ ಅಷ್ಟು ನೀಲಿ ಇರುತ್ತದೆಯೇ ಎಂದು ಕೇಳಿ ‘ಕಲ್ಪನೆ’ ಎಂದು ತೀರ್ಪು ಕೊಡುವ ಮೊದಲು ಆ ಊರಿನ ಗಾಳಿಯ ಬಗ್ಗೆ ತಿಳಿಯಬೇಕು. ಮುರ್ನೌ ಇರುವುದು ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಆಲ್ಪ್ಸ್ ಪರ್ವತದ ಪಾದದಲ್ಲಿ. ಒಂದು ಬದಿಗೆ ಸ್ಟಾಫೆಲ್‌ಸೇ ಎಂಬ ಕೆರೆ, ಇನ್ನೊಂದು ಬದಿಗೆ ಮುರ್ನೌವರ್ ಮೋಸ್ ಎಂಬ ವಿಶಾಲ ಜೌಗು ಬಯಲು, ಅದರಾಚೆ ಗೋಡೆಯ ಹಾಗೆ ಪರ್ವತ. ಅಲ್ಲಿ ಫ್ಯೋನ್ ಎಂಬ ಗಾಳಿ ಬೀಸುತ್ತದೆ. ಪರ್ವತ ದಾಟಿ ಇಳಿಯುವಾಗ ಬಿಸಿಯಾಗಿ, ಒಣಗಿ, ಗಾಳಿಯಲ್ಲಿನ ಮಂಜನ್ನೆಲ್ಲ ಗುಡಿಸಿಹಾಕುತ್ತದೆ. ಆ ದಿನಗಳಲ್ಲಿ ದೂರದ ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ, ಕಡುನೀಲಿಯಾಗಿ, ಅಂಚು ಕತ್ತರಿಸಿದ ಹಾಗೆ ಕಾಣುತ್ತದೆ. ದೂರದ್ದು ಮಸುಕು, ಹತ್ತಿರದ್ದು ಸ್ಪಷ್ಟ ಎಂಬ ಪಾಠಶಾಲೆಯ ನಿಯಮ ಅಂಥ ದಿನ ನಿಸರ್ಗದಲ್ಲೇ ಮುರಿದುಬೀಳುತ್ತದೆ. ಮ್ಯುಂಟರ್ ಅದನ್ನು ಕಂಡರು, ನಂಬಿದರು, ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು.

‘ಚಳಿಗಾಲದ ಹಳ್ಳಿ ಬೀದಿ’ಯ ಬಣ್ಣಬಣ್ಣದ ಮನೆಗಳ ಹಿಂದೆಯೂ ಇಂಥದೇ ಸಂಗತಿ ಇದೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ವಾಸ್ತುಶಿಲ್ಪಿ ಎಮಾನುಯೆಲ್ ಫಾನ್ ಸೈಡ್ಲ್ ಮುರ್ನೌ ಪೇಟೆಬೀದಿಯ ಮನೆಗಳ ಮುಂಗೋಡೆಗಳಿಗೆ ಗಾಢ ಬಣ್ಣ ಬಳಿಸಿದ್ದರು. ಹಾಗಾಗಿ ಬಣ್ಣ ಊರಿನದು. ಬಾಗಿದ ಗೋಡೆ, ವಾಲಿದ ಸೂರು, ಹಿಮದಲ್ಲಿ ಹರಿದಾಡುವ ನೀಲಿ ಮ್ಯುಂಟರ್ ಅವರವು. ಹಿಮ ಬಿಳಿ ಎಂದು ಗೊತ್ತಿರುವ ನಾವು ಅಲ್ಲಿ ಬಿಳಿ ಎಷ್ಟು ಕಡೆ ಇದೆ ಎಂದು ಹುಡುಕಿ ನೋಡಬೇಕು.

ಬಿಟ್ಟದ್ದರ ಪಟ್ಟಿ ಮಾಡಿ

ಗೋಡೆಯ ಎ3 ಹಾಳೆ ತೆಗೆದು ಮೇಜಿನ ಮೇಲಿಡಿ. ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಏನೇನು ಇದ್ದಿರಬಹುದು ಎಂದು ಬರೆಯುತ್ತಾ ಹೋಗಿ: ಹುಲ್ಲಿನ ಎಸಳು, ಹೂವು, ಬಟ್ಟೆಯ ಗುಂಡಿ, ಬೆಟ್ಟದ ಮೇಲಿನ ಪೈನ್ ಮರ, ಬಂಡೆಯ ಬಿರುಕು, ನೆರಳು, ಕಣ್ಣು, ಕೈಬೆರಳು. ಆಮೇಲೆ ಚಿತ್ರದಲ್ಲಿ ಇಲ್ಲದ್ದನ್ನೆಲ್ಲ ಹೊಡೆದುಹಾಕಿ. ಉಳಿದದ್ದನ್ನು ಎಣಿಸಿ. ಬೆರಳೆಣಿಕೆ ಮೀರುವುದಿಲ್ಲ.

1908ರ ಆ ಮೊದಲ ಮುರ್ನೌ ಬೇಸಿಗೆಯ ಬಗ್ಗೆ ಕೆಲ ವರ್ಷಗಳ ಮೇಲೆ ದಿನಚರಿಯಲ್ಲಿ ಬರೆಯುತ್ತ ಮ್ಯುಂಟರ್ ಇದನ್ನೇ ದೊಡ್ಡ ನೆಗೆತ ಎಂದರು: ಕಂಡದ್ದನ್ನು ಕಂಡ ಹಾಗೆ ನಕಲು ಮಾಡುವುದು ಬಿಟ್ಟು, ಅದರ ಒಳಗಿರುವುದನ್ನು ಅನುಭವಿಸಿ ಸಾರವನ್ನಷ್ಟೇ ಕೊಡುವುದು. ಸ್ವಲ್ಪ ಕಾಲದ ಯಾತನೆಯ ನಂತರ ಇದು ಕೈಗೆ ಬಂತು ಎಂದೂ ಸೇರಿಸಿದ್ದಾರೆ. ಪಟ್ಟಿಯಲ್ಲಿ ನೀವು ಹೊಡೆದುಹಾಕಿದ ಒಂದೊಂದು ಸಾಲೂ ಆ ಯಾತನೆಯ ಪಾಲು.

ಇಲ್ಲಿ ಇನ್ನೊಂದು ಸಂಗತಿ ನೆನೆಯಬೇಕು. ಕುಂಚಕ್ಕಿಂತ ಮುಂಚೆ ಮ್ಯುಂಟರ್ ಕೈಯಲ್ಲಿದ್ದದ್ದು ಕ್ಯಾಮೆರಾ. 1898ರಿಂದ 1900ರವರೆಗೆ ಅಕ್ಕನ ಜೊತೆ ಅಮೆರಿಕದ ನೆಂಟರ ಮನೆಗಳಿಗೆ ಹೋಗಿದ್ದಾಗ ಮಿಸೌರಿ, ಅರ್ಕಾನ್ಸಾ, ಟೆಕ್ಸಾಸ್ ಸುತ್ತಿ, ಕೊಡಾಕ್ ಕ್ಯಾಮೆರಾದಲ್ಲಿ ಸುಮಾರು 400 ಫೋಟೊ ತೆಗೆದರು. ಚೌಕಟ್ಟಿನೊಳಗೆ ಏನು ಬರಬೇಕು, ಏನು ಹೊರಗುಳಿಯಬೇಕು ಎಂಬ ತೀರ್ಮಾನ ಅವರಿಗೆ ಅಲ್ಲೇ ರೂಢಿಯಾಯಿತು ಎಂದು ನಾನು ನಂಬುತ್ತೇನೆ. ‘ದೋಣಿಯಾನ’ದಲ್ಲಿ ಇದು ಸ್ಪಷ್ಟ. ಕಾಂಡಿನ್ಸ್ಕಿ ನಿಂತಿದ್ದಾರೆ, ವೆರೆಫ್ಕಿನ್ ಮತ್ತು ಯಾವ್ಲೆನ್ಸ್ಕಿ ಅವರ ಮಗ, ಬಾಲಕ ಆಂಡ್ರಿಯಾಸ್ ಕೂತಿದ್ದಾರೆ. ನಮಗೆ ಬೆನ್ನು ತೋರಿಸಿ, ಚಿತ್ರದ ತಳದಲ್ಲಿ ಹುಟ್ಟುಹಾಕುತ್ತಿರುವವರು ಸ್ವತಃ ಮ್ಯುಂಟರ್. ನಾವು ಅವರ ಬೆನ್ನ ಹಿಂದೆ ಅದೇ ದೋಣಿಯಲ್ಲಿ ಕೂತಿದ್ದೇವೆ. ಎಲ್ಲರ ಕಣ್ಣಿಗೆ ಬೀಳುವುದು ಬೆಟ್ಟಕ್ಕೆದುರಾಗಿ ನಿಂತ ಗಂಡಸು. ದೋಣಿ ನಡೆಸುತ್ತಿರುವುದು ಬೆನ್ನು ತಿರುಗಿಸಿದ ಹೆಂಗಸು.

ಈಗ ಕಾಂಡಿನ್ಸ್ಕಿಯನ್ನು ಪಕ್ಕಕ್ಕಿಡಿ

ಹೋಲಿಕೆಗೆ ಕಾಂಡಿನ್ಸ್ಕಿ ಅವರ 1909ರ ‘ಮುರ್ನೌ ಬಳಿಯ ರೈಲು’ ಚೆನ್ನಾಗಿ ಹೊಂದುತ್ತದೆ. ಅದೇ ಊರು, ಅದೇ ವರ್ಷ, ಅದೇ ಸಂಗ್ರಹಾಲಯ. ಎರಡನ್ನೂ ತೆರೆದು ಅಂಚುಗಳನ್ನಷ್ಟೇ ನೋಡಿ. ಕಾಂಡಿನ್ಸ್ಕಿ ಕೈಯಲ್ಲಿ ಬಣ್ಣ ತನ್ನ ಆಕಾರ ಬಿಟ್ಟು ಹೊರಗೆ ಹರಿಯಲು ಚಡಪಡಿಸುತ್ತದೆ. ಮ್ಯುಂಟರ್ ಕೈಯಲ್ಲಿ ಅದು ತನ್ನ ಗೆರೆಯೊಳಗೆ ಗಟ್ಟಿಯಾಗಿ ನಿಲ್ಲುತ್ತದೆ. ಕೆಲವೇ ವರ್ಷಗಳಲ್ಲಿ ಕಾಂಡಿನ್ಸ್ಕಿ ಬೆಟ್ಟವನ್ನು ಪೂರ್ತಿ ಕರಗಿಸಿ ಅಮೂರ್ತಕ್ಕೆ ಹೊರಟರು. ಮ್ಯುಂಟರ್ ಬೆಟ್ಟದ ಜೊತೆ ಉಳಿದರು. ಕಲಾ ಇತಿಹಾಸ ಇದನ್ನು ಬಹಳ ಕಾಲ ‘ಹಿಂದೆ ಉಳಿದದ್ದು’ ಎಂದು ಓದಿತು. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಅಮೂರ್ತದ ಬಾಗಿಲ ತನಕ ಹೋಗಿ, ಒಳಗಿರುವುದನ್ನು ನೋಡಿ, ಇಷ್ಟು ಸಾಕು, ಇದು ನನ್ನ ಜಾಗ ಎಂದು ನಿಲ್ಲುವುದೂ ಒಂದು ಕಲಾತ್ಮಕ ತೀರ್ಮಾನವೇ. 1931ರ ‘ರಷ್ಯನ್ನರ ಮನೆ’ ನೋಡಿ. ಎರಡು ದಶಕ ಕಳೆದಿವೆ, ಗೆರೆ ಇನ್ನೂ ಗಟ್ಟಿ, ಮರಗಳ ನಡುವೆ ಮನೆ ಇನ್ನೂ ಸರಳ.

ಬದುಕಿನ ಕಥೆಗೆ ಈಗ ಹೊತ್ತು

ಹುಟ್ಟಿದ್ದು 1877ರ ಫೆಬ್ರವರಿ 19ರಂದು, ಬರ್ಲಿನ್‌ನಲ್ಲಿ. ಇಪ್ಪತ್ತೊಂದಾಗುವ ಮೊದಲೇ ತಂದೆ-ತಾಯಿ ಇಬ್ಬರೂ ತೀರಿಕೊಂಡಿದ್ದರು. ಕೈಯಲ್ಲಿ ತಕ್ಕಷ್ಟು ಹಣ ಇತ್ತು, ತಡೆಯುವವರು ಯಾರೂ ಇರಲಿಲ್ಲ. 1901ರಲ್ಲಿ ಮ್ಯೂನಿಕ್‌ಗೆ ಬಂದರೆ ಅಲ್ಲಿನ ಕಲಾ ಅಕಾಡೆಮಿಯ ಬಾಗಿಲು ಹೆಂಗಸರಿಗೆ ಮುಚ್ಚಿತ್ತು. ಅದು ತೆರೆದದ್ದು 1920ರಲ್ಲಿ. ಹಾಗಾಗಿ ಮಹಿಳಾ ಕಲಾವಿದರ ಸಂಘದ ಶಾಲೆ, ಆಮೇಲೆ ಕಾಂಡಿನ್ಸ್ಕಿ ಪಾಠ ಹೇಳುತ್ತಿದ್ದ ಫಾಲಾಂಕ್ಸ್ ಶಾಲೆ. ಅಲ್ಲಿಂದ ಅವರಿಬ್ಬರ ಒಡನಾಟ. 1909ರಲ್ಲಿ ಮುರ್ನೌದಲ್ಲಿ ಮನೆ ಕೊಂಡವರು ಮ್ಯುಂಟರ್. ಕಾಂಡಿನ್ಸ್ಕಿ ಮತ್ತು ಅವರ ರಷ್ಯನ್ ಗೆಳೆಯರು ಬಂದುಹೋಗುತ್ತಿದ್ದುದರಿಂದ ಊರವರು ಅದನ್ನು ‘ರಷ್ಯನ್ನರ ಮನೆ’ ಎಂದರು. ಕೊಂಡ ಹೆಂಗಸಿನ ಹೆಸರು ಆ ಮನೆಗೆ ಅಂಟಲು ಬಹಳ ಕಾಲ ಬೇಕಾಯಿತು.

1911ರ ಡಿಸೆಂಬರಿನಲ್ಲಿ ಮ್ಯೂನಿಕ್‌ನ ಥಾನ್‌ಹೌಸರ್ ಗ್ಯಾಲರಿಯಲ್ಲಿ ‘ನೀಲಿ ಸವಾರ’ ಬಳಗದ ಮೊದಲ ಪ್ರದರ್ಶನ ನಡೆಯಿತು. ಮ್ಯುಂಟರ್ ಅದರಲ್ಲಿ ಭಾಗವಹಿಸಿದ್ದಲ್ಲದೆ ಪ್ರದರ್ಶನದ ಫೋಟೊಗಳನ್ನೂ ತೆಗೆದರು. ಆ ಗೋಡೆಗಳ ಮೇಲೆ ಯಾವ ಚಿತ್ರ ಎಲ್ಲಿ ತೂಗಿತ್ತು ಎಂದು ಇವತ್ತು ತಿಳಿಯುವುದು ಆ ಫೋಟೊಗಳಿಂದ. 1914ರಲ್ಲಿ ಯುದ್ಧ ಶುರುವಾಗಿ ರಷ್ಯನ್ ಪ್ರಜೆಯಾದ ಕಾಂಡಿನ್ಸ್ಕಿ ಜರ್ಮನಿ ಬಿಡಬೇಕಾಯಿತು. ಮ್ಯುಂಟರ್ 1915ರಲ್ಲಿ ಸ್ಟಾಕ್‌ಹೋಮ್‌ಗೆ ಹೋದರು. ಅಲ್ಲಿ 1916ರ ವಸಂತದಲ್ಲಿ ಇಬ್ಬರೂ ಬೀಳ್ಕೊಟ್ಟದ್ದೇ ಕೊನೆ. ಮರುವರ್ಷ ಕಾಂಡಿನ್ಸ್ಕಿ ಬೇರೆ ಮದುವೆಯಾದರು. ನಂತರ ಕೆಲವು ವರ್ಷ ಮ್ಯುಂಟರ್ ಚಿತ್ರ ಬರೆದದ್ದು ಕಡಿಮೆ. 1931ರಲ್ಲಿ ಮತ್ತೆ ಮುರ್ನೌಗೆ ಮರಳಿ ಅಲ್ಲೇ ನೆಲೆಸಿದರು.

ನಾಜಿ ಆಡಳಿತ ಆಧುನಿಕ ಕಲೆಯನ್ನು ‘ಅಧಃಪತನದ ಕಲೆ’ ಎಂದು ಕರೆದು ಸಂಗ್ರಹಾಲಯಗಳಿಂದ ಕಿತ್ತುಹಾಕುತ್ತಿದ್ದ ವರ್ಷಗಳಲ್ಲಿ, ಕಾಂಡಿನ್ಸ್ಕಿ ಮತ್ತು ಬಳಗದವರ ನೂರಾರು ಕೃತಿಗಳನ್ನು ಮ್ಯುಂಟರ್ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಕಾಪಾಡಿದರು. 1957ರಲ್ಲಿ, ಎಂಬತ್ತನೇ ಹುಟ್ಟುಹಬ್ಬದ ಸಂದರ್ಭದಲ್ಲಿ, ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಮ್ಯೂನಿಕ್ ನಗರಕ್ಕೆ ದಾನ ಕೊಟ್ಟರು. ಲೆನ್‌ಬಾಖ್‌ಹೌಸ್ ಇವತ್ತು ಜಗತ್ತಿನ ಭೂಪಟದಲ್ಲಿರುವುದು ಆ ದಾನದಿಂದ. ತನ್ನನ್ನು ಬಿಟ್ಟುಹೋದವರ ಕೆಲಸವನ್ನು ಜೀವ ಪಣಕ್ಕಿಟ್ಟು ಉಳಿಸಿದ ಆ ಘನತೆಯ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಅವರ ಬೆಟ್ಟಗಳು ಒಳ್ಳೆಯವಾಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಕಥೆಯನ್ನು ಇಷ್ಟು ಹೊತ್ತು ತಡೆದಿಟ್ಟದ್ದು ಅದಕ್ಕೇ. 1962ರ ಮೇ 19ರಂದು ಮುರ್ನೌದ ಅದೇ ಮನೆಯಲ್ಲಿ ತೀರಿಕೊಂಡರು.

ಖುದ್ದಾಗಿ ನೋಡಲು ಹೋಗುವವರಿಗೆ

ಮ್ಯೂನಿಕ್‌ನಲ್ಲಿ ಕೆಲಸಕ್ಕೋ ಓದಿಗೋ ಇರುವ ಕನ್ನಡಿಗರಿಗೆ ಇದು ಒಂದು ದಿನದ ಕೆಲಸ. ಊರಿನಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಲೂ ಸುಲಭ. ಲೆನ್‌ಬಾಖ್‌ಹೌಸ್ ಇರುವುದು ಕ್ಯೋನಿಗ್ಸ್‌ಪ್ಲಾಟ್ಸ್ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ. ಸೋಮವಾರ ರಜೆ. ಮುರ್ನೌಗೆ ಮ್ಯೂನಿಕ್ ಮುಖ್ಯ ನಿಲ್ದಾಣದಿಂದ ಗಾರ್ಮಿಶ್ ಕಡೆಯ ರೈಲು, ಸುಮಾರು ಒಂದು ಗಂಟೆ. ನಾಲ್ಕೈದು ಜನ ಇದ್ದರೆ ಬವೇರಿಯಾ ದಿನದ ಟಿಕೆಟ್ ಅಗ್ಗ ಬೀಳುತ್ತದೆ. ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರ ನಂತರವೇ ನಡೆಯುತ್ತದೆ.

ಮ್ಯುಂಟರ್ ಮನೆ ಈಗ ಸಂಗ್ರಹಾಲಯ. ಅಲ್ಲಿ ಮಧ್ಯಾಹ್ನದ ಕೆಲವು ಗಂಟೆ ಮಾತ್ರ ಪ್ರವೇಶ, ಆದ್ದರಿಂದ ಬೆಳಿಗ್ಗೆ ಊರಿನ ಕೋಟೆಮನೆಯ ಸಂಗ್ರಹಾಲಯ ನೋಡಿ. ಅಲ್ಲೂ ಮ್ಯುಂಟರ್ ಚಿತ್ರಗಳಿವೆ. ಹೊರಡುವ ಮುಂಚೆ ಆಯಾ ತಾಣದಲ್ಲಿ ಸಮಯ ನೋಡಿಕೊಳ್ಳಿ. ಮನೆಯೊಳಗೆ ಮೆಟ್ಟಿಲ ಬದಿಗೆ ಕಾಂಡಿನ್ಸ್ಕಿ ಬರೆದ ಕುದುರೆ ಸವಾರರು, ಬಣ್ಣ ಬಳಿದ ಪೀಠೋಪಕರಣಗಳು ಇವೆ. ಅವನ್ನೆಲ್ಲ ನೋಡಿ, ಆದರೆ ಕಿಟಕಿಯ ಹತ್ತಿರ ಹೋಗುವುದನ್ನು ಮರೆಯಬೇಡಿ. ಹಳಿಗಳಾಚೆ ಊರಿನ ದಿಬ್ಬ, ಚರ್ಚು, ಕೋಟೆಮನೆ ಕಾಣುತ್ತವೆ. ಆಮೇಲೆ ಜೌಗು ಬಯಲಿನ ಕಡೆ ನಡೆಯಿರಿ. ಬೆಟ್ಟ ಕಾಣುವ ಕಡೆ ನಿಂತು, ಫೋನಿನಲ್ಲಿ ಚಿತ್ರ ತೆರೆದು, ಎರಡನ್ನೂ ಒಟ್ಟಿಗೆ ನೋಡಿ.

ಕೈಯಿಂದ ಮಾಡಿ ನೋಡಿ

ಮೇಲಿನ ಹಂತಗಳೆಲ್ಲ ಕಣ್ಣಿನವು. ಕಲಿತದ್ದು ಉಳಿಯಬೇಕಾದರೆ ಒಂದು ಚಿತ್ರ ಬರೆದೇ ನೋಡಬೇಕು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ದಪ್ಪ ಬೂದು ರಟ್ಟು ತಂದು ಎ3 ಅಳತೆಗೆ ಕತ್ತರಿಸಿ. ಎಣ್ಣೆಬಣ್ಣ ಬೇಡ, ಅಕ್ರಿಲಿಕ್ ಸಾಕು. ಪೋಸ್ಟರ್ ಬಣ್ಣವೂ ನಡೆಯುತ್ತದೆ. ಕಡುನೀಲಿ, ಹಳದಿ, ಕೆಂಪು, ಹಸಿರು, ಬಿಳಿ, ಕಪ್ಪು. ಒಂದು ಅಗಲ ಕುಂಚ, ಒಂದು ತೆಳು ಕುಂಚ.

ನಿಮ್ಮ ಊರಿನ ಗುಡ್ಡವೋ ಮಹಡಿಯಿಂದ ಕಾಣುವ ಬೀದಿಯೋ, ಯಾವುದಾದರೂ ಒಂದನ್ನು ಆರಿಸಿ. ಕಣ್ಣನ್ನು ಅರೆಮುಚ್ಚಿ ನೋಡಿ. ಸಣ್ಣಪುಟ್ಟದ್ದೆಲ್ಲ ಮಾಯವಾಗಿ ನಾಲ್ಕೈದು ದೊಡ್ಡ ಆಕಾರ ಉಳಿಯುತ್ತವೆ. ಅಷ್ಟನ್ನೇ ಬರೆಯುವುದು. ಪೆನ್ಸಿಲ್ ಬೇಡ. ರಂಗೋಲಿಯಲ್ಲಿ ಗೆರೆ ಹಾಕಿ ಆಮೇಲೆ ಬಣ್ಣ ತುಂಬುವಂತೆ, ತೆಳು ಕುಂಚದಲ್ಲಿ ಕಡುನೀಲಿ ಗೆರೆಗಳನ್ನು ನೇರ ರಟ್ಟಿನ ಮೇಲೆ ಎಳೆದು, ಒಣಗಲು ಬಿಡಿ. ಬಣ್ಣ ತುಂಬುವಾಗ ಗೆರೆಯನ್ನು ಮುಟ್ಟದೆ ಕೂದಲೆಳೆಯಷ್ಟು ಜಾಗ ಬಿಟ್ಟರೆ ಅಲ್ಲಲ್ಲಿ ರಟ್ಟಿನ ಬೂದು ಕಾಣುತ್ತದೆ, ಚಿತ್ರ ಉಸಿರಾಡುತ್ತದೆ. ಮ್ಯುಂಟರ್ ರಟ್ಟುಗಳಲ್ಲೂ ಇಂಥ ಖಾಲಿ ಅಂಚುಗಳನ್ನು ಕಾಣಬಹುದು.

ಒಂದು ಆಕಾರಕ್ಕೆ ಒಂದೇ ಬಣ್ಣ. ಎರಡು ಬಣ್ಣ ಸೇರುವ ಕಡೆ ಕುಂಚದಿಂದ ತಿಕ್ಕಿ ಕರಗಿಸಬೇಡಿ. ನೆರಳಿಗೆ ಕಪ್ಪು ಹಾಕುವ ಆಸೆಯಾದರೆ ನೀಲಿ ಹಾಕಿ. ಮನುಷ್ಯರು ಬಂದರೆ ಮುಖ ಖಾಲಿ ಬಿಡಿ. ಭಂಗಿ ಸರಿಯಿದ್ದರೆ ಮನೆಯವರು ಗುರುತು ಹಿಡಿಯುತ್ತಾರೆ, ಹಿಡಿಯದಿದ್ದರೆ ಭಂಗಿಯನ್ನು ಇನ್ನೊಮ್ಮೆ ನೋಡಬೇಕು ಎಂದರ್ಥ. ಒಂದೇ ಕೂತಿನಲ್ಲಿ, ಹೆಚ್ಚೆಂದರೆ ಒಂದು ಗಂಟೆಯಲ್ಲಿ ಮುಗಿಸಿ.

ಮ್ಯುಂಟರ್ ಚಿತ್ರವನ್ನೇ ನೋಡಿ ನಕಲು ಮಾಡುತ್ತೀರಾದರೆ ಅಭ್ಯಾಸಕ್ಕೆ ಧಾರಾಳವಾಗಿ ಮಾಡಿ. ಮಾರಲು ಅಥವಾ ಅಚ್ಚು ಹಾಕಿಸಲು ಹೊರಟಾಗ ಮಾತ್ರ ಎಚ್ಚರ: ಜರ್ಮನಿಯಲ್ಲಿ ಕಲಾವಿದರು ತೀರಿಕೊಂಡ 70 ವರ್ಷಗಳ ತನಕ ಕೃತಿಸ್ವಾಮ್ಯ ಇರುತ್ತದೆ, ಅಂದರೆ ಮ್ಯುಂಟರ್ ವಿಷಯದಲ್ಲಿ 2032ರ ಕೊನೆಯವರೆಗೆ.

ಮೊದಲ ರಟ್ಟು ಮುಗಿದ ಮೇಲೆ ಅದನ್ನು ತಿದ್ದುತ್ತಾ ಕೂರಬೇಡಿ. ಪಕ್ಕಕ್ಕಿಟ್ಟು, ಅದೇ ನೋಟವನ್ನು ಎರಡನೇ ರಟ್ಟಿನ ಮೇಲೆ, ಈ ಸಲ ಇನ್ನೊಂದು ಆಕಾರ ಕಡಿಮೆ ಮಾಡಿ ಬರೆಯಿರಿ.